ಗಾಜಾದಿಂದ ಹೊರಬಿದ್ದ ಪತ್ರಕರ್ತರಿಗೆ ಕನ್ನಡದಲ್ಲಿ ಜಾಗ ಕೊಡಿ

ಕನ್ನಡದ ಪತ್ರಿಕೆ, ಟಿವಿ, ಸುದ್ದಿ ಜಾಲತಾಣಗಳ ಸಂಪಾದಕರಿಗೆ, ಕರ್ನಾಟಕ ಮಾಧ್ಯಮ ಅಕಾಡೆಮಿಗೆ, ಪತ್ರಕರ್ತರ ಸಂಘಗಳಿಗೆ ನಮಸ್ಕಾರ.

ಮರಿಯಮ್ ದಗ್ಗಾ ಎಂಬ ಹೆಸರು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಗಾಜಾದ ಫೋಟೊ ಪತ್ರಕರ್ತೆ. ವಯಸ್ಸು 33. ಎಪಿ ಸುದ್ದಿಸಂಸ್ಥೆಗೆ ಫ್ರೀಲಾನ್ಸ್ ಆಗಿ ಕೆಲಸ ಮಾಡುತ್ತಿದ್ದರು. ಖಾನ್ ಯೂನಿಸ್‌ನ ನಾಸೆರ್ ಆಸ್ಪತ್ರೆಯಲ್ಲಿ ಹಸಿವಿನಿಂದ ಸೊರಗಿದ ಮಕ್ಕಳನ್ನು, ಅವರನ್ನು ಉಳಿಸಲು ಪರದಾಡುತ್ತಿದ್ದ ಡಾಕ್ಟರುಗಳನ್ನು ಜಗತ್ತಿಗೆ ತೋರಿಸಿದವರಲ್ಲಿ ಅವರೂ ಒಬ್ಬರು. ಯುದ್ಧ ಶುರುವಾದ ಮೇಲೆ ಮಗನನ್ನು ಗಾಜಾದಿಂದ ಹೊರಗೆ ಕಳಿಸಿ, ತಾವು ಅಲ್ಲೇ ಉಳಿದರು. 2025ರ ಆಗಸ್ಟ್ 25ರಂದು ಅದೇ ಆಸ್ಪತ್ರೆಯ ಮೇಲೆ ಇಸ್ರೇಲ್ ಸೇನೆ ದಾಳಿ ಮಾಡಿತು. ಮೊದಲ ಹೊಡೆತಕ್ಕೆ ರಾಯಿಟರ್ಸ್‌ನ ಕ್ಯಾಮೆರಾಮನ್ ಹುಸ್ಸಾಮ್ ಅಲ್ ಮಸ್ರಿ ಸತ್ತರು. ಜನ ನೆರವಿಗೆ ಓಡಿದರು. ಪತ್ರಕರ್ತರೂ ಓಡಿದರು. ಆಗ ಎರಡನೇ ಹೊಡೆತ ಬಿತ್ತು. ಮರಿಯಮ್ ಸೇರಿ ಐವರು ಪತ್ರಕರ್ತರು ಆ ದಿನ ಸತ್ತರು. ಒಟ್ಟು ಸತ್ತವರು ಕನಿಷ್ಠ 20 ಮಂದಿ.

ಅವರು ತೆಗೆದ ಚಿತ್ರಗಳು ಕನ್ನಡದ ಪುಟಗಳಿಗೂ ಬಂದಿರಬಹುದು. ಬಂದಿದ್ದರೆ ಕೆಳಗೆ 'ಎಪಿ' ಎಂದಷ್ಟೇ ಇದ್ದೀತು. ನಮ್ಮ ವಿದೇಶ ಪುಟ ನಡೆಯುವುದೇ ಹಾಗೆ. ಅಂಥದೇ ಡೆಸ್ಕ್‌ನಲ್ಲಿ ಕೆಲಸ ಮಾಡಿದವಳು ನಾನು. ರಾತ್ರಿ ಏಜೆನ್ಸಿ ಕಾಪಿ ಬರುತ್ತದೆ. ಅರ್ಧ ಗಂಟೆಯಲ್ಲಿ ಅದನ್ನು ಮೂರು ಪ್ಯಾರಾಕ್ಕೆ ಇಳಿಸಿ ಹೆಡ್ಡಿಂಗ್ ಕೊಡಬೇಕು. ಬರೆದವರು ಯಾರು, ಚಿತ್ರ ತೆಗೆದವರು ಯಾರು ಅಂತ ನೋಡಲು ಪುರುಸೊತ್ತು ಎಲ್ಲಿ? ಹೀಗೆ ಗಾಜಾದ ಸುದ್ದಿ ದಿನಾ ಬಂತು. ಅದನ್ನು ಜೀವ ಒತ್ತೆ ಇಟ್ಟು ಕಳಿಸಿದವರ ಪರಿಚಯ ಮಾತ್ರ ನಮ್ಮ ಓದುಗರಿಗೆ ಆಗಲೇ ಇಲ್ಲ.

ಸತ್ತವರ ಬಗ್ಗೆ ಬೇರೆಯವರು ಬರೆದಿದ್ದಾರೆ. ಈ ಪತ್ರ ಬದುಕಿ ಹೊರಗೆ ಬಂದವರಿಗಾಗಿ. ಕೈರೋ, ದೋಹಾ, ಇಸ್ತಾಂಬುಲ್, ಲಂಡನ್‌ನಂಥ ಊರುಗಳಲ್ಲಿ ಈಗ ಗಾಜಾದ ಪತ್ರಕರ್ತರಿದ್ದಾರೆ. ನಾನು ಕೇಳುತ್ತಿರುವುದು ಇಷ್ಟೇ. ಅವರಿಂದ ಬರೆಸಿ. ಅವರ ಹೆಸರಿನಲ್ಲೇ ಪ್ರಕಟಿಸಿ. ಬರೆದದ್ದಕ್ಕೆ ದುಡ್ಡು ಕೊಡಿ. ಮುಸ್ಲಿಮರು ಮತ್ತು ಯಹೂದಿಗಳ ಸಂಬಂಧದ ಬಗ್ಗೆ ನಮ್ಮಲ್ಲಿ ಬರುವ ಒರಟು ಬರವಣಿಗೆ ಬದಲಾಗಬೇಕಿದ್ದರೂ ಇದೇ ದಾರಿ ಅಂತ ನನಗೆ ಅನ್ನಿಸಿದೆ. ಯಾಕೆ ಅಂತ ಹೇಳುತ್ತೇನೆ.

2023ರ ಅಕ್ಟೋಬರ್ 7ರಂದು ಗಾಜಾವನ್ನು ಆಳುತ್ತಿದ್ದ ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿತು. ಅದರ ನಂತರ ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಗಾಜಾಕ್ಕೆ ಹೋಗುವುದನ್ನು ಇಸ್ರೇಲ್ ನಿಲ್ಲಿಸಿತು. ಸೇನೆಯ ಜೊತೆ, ಸೇನೆ ತೋರಿಸಿದ ಜಾಗಕ್ಕೆ, ಸೇನೆ ಹೇಳಿದಷ್ಟು ಹೊತ್ತು ಹೋಗಿ ಬರಬಹುದಿತ್ತು, ಅಷ್ಟೇ. ಜೆರುಸಲೇಂನ ವಿದೇಶಿ ಪತ್ರಕರ್ತರ ಸಂಘ ಇಸ್ರೇಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜನವರಿಯಲ್ಲಿ ಮೊದಲ ಅರ್ಜಿ ವಜಾ ಆಯಿತು. ಅದೇ ವರ್ಷ ಎರಡನೇ ಅರ್ಜಿ ಹಾಕಿದರು. ಅದರ ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಅಂದರೆ ಒಳಗಿನಿಂದ ನಾವು ಓದಿದ ಸುದ್ದಿ, ನೋಡಿದ ಚಿತ್ರ ಹೆಚ್ಚುಕಡಿಮೆ ಎಲ್ಲವೂ ಗಾಜಾದವರೇ ಕಳಿಸಿದ್ದು. ವರದಿಗಾರನೂ ಅವನೇ, ಸಂತ್ರಸ್ತನೂ ಅವನೇ. ಬೆಳಿಗ್ಗೆ ನೀರಿನ ಕ್ಯೂ, ಮಧ್ಯಾಹ್ನ ಶವಾಗಾರದ ಮುಂದೆ ಕ್ಯಾಮೆರಾ, ರಾತ್ರಿ ಟೆಂಟಿನಲ್ಲಿ ಮಕ್ಕಳು.

ಪತ್ರಕರ್ತರ ರಕ್ಷಣಾ ಸಮಿತಿ ಸಿಪಿಜೆ ಪ್ರಕಾರ 2024ರಲ್ಲಿ ಜಗತ್ತಿನಾದ್ಯಂತ ಕನಿಷ್ಠ 124 ಪತ್ರಕರ್ತರು, ಮಾಧ್ಯಮ ಸಿಬ್ಬಂದಿ ಸತ್ತರು. ಅದರಲ್ಲಿ ಸುಮಾರು ಶೇ 70ರಷ್ಟು ಸಾವಿಗೆ ಇಸ್ರೇಲ್ ಕಾರಣ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ ತಂಡ 2025ರ ಏಪ್ರಿಲ್‌ನಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. ಅಮೆರಿಕದ ಅಂತರ್ಯುದ್ಧ, ಎರಡು ಮಹಾಯುದ್ಧಗಳು, ಕೊರಿಯಾ, ವಿಯೆಟ್ನಾಂ, ಯುಗೊಸ್ಲಾವಿಯಾ, 2001ರ ನಂತರದ ಅಫ್ಗಾನಿಸ್ತಾನ, ಇವಿಷ್ಟರಲ್ಲೂ ಸತ್ತ ಪತ್ರಕರ್ತರನ್ನು ಕೂಡಿಸಿದರೂ ಗಾಜಾದ ಲೆಕ್ಕವೇ ಜಾಸ್ತಿ. 2025ರ ಜುಲೈನಲ್ಲಿ ಫ್ರಾನ್ಸಿನ ಸುದ್ದಿಸಂಸ್ಥೆ ಎಎಫ್‌ಪಿಯ ಪತ್ರಕರ್ತರು ಒಂದು ಹೇಳಿಕೆ ಹೊರಡಿಸಿದರು. 1944ರಲ್ಲಿ ತಮ್ಮ ಸಂಸ್ಥೆ ಶುರುವಾದಾಗಿನಿಂದ ಯುದ್ಧಗಳಲ್ಲಿ ಸಹೋದ್ಯೋಗಿಗಳನ್ನು ಕಳೆದುಕೊಂಡಿದ್ದೇವೆ, ಆದರೆ ಹಸಿವಿನಿಂದ ಸಾಯುವ ಸಹೋದ್ಯೋಗಿಯನ್ನು ಕಂಡ ನೆನಪು ನಮಗಾರಿಗೂ ಇಲ್ಲ ಅನ್ನುವುದು ಅದರ ಸಾರ. ಎಎಫ್‌ಪಿ ಕಾಪಿ ನಮ್ಮ ಡೆಸ್ಕ್‌ಗಳಿಗೂ ಬರುತ್ತದೆ. ಹಸಿದಿದ್ದವರು ನಮಗೇ ಸುದ್ದಿ ಕೊಡುತ್ತಿದ್ದವರು.

ಇಂಥ ಜಾಗದಿಂದ ಕೆಲವರು ಹೊರಗೆ ಬಂದರು. ಅಲ್ ಜಝೀರಾದ ಗಾಜಾ ಮುಖ್ಯಸ್ಥ ವಾಯಿಲ್ ಅಲ್ ದಹ್ದೂಹ್ 2023ರ ಅಕ್ಟೋಬರ್ 25ರಂದು ಹೆಂಡತಿ, ಮಗ, ಮಗಳು, ಮೊಮ್ಮಗನನ್ನು ಕಳೆದುಕೊಂಡರು. ಡಿಸೆಂಬರ್‌ನಲ್ಲಿ ಅವರೇ ಗಾಯಗೊಂಡರು. ಜೊತೆಗಿದ್ದ ಕ್ಯಾಮೆರಾಮನ್ ಸಾಮೆರ್ ಅಬು ದಕ್ಕಾ ಬದುಕಲಿಲ್ಲ. ಜನವರಿಯಲ್ಲಿ ಹಿರಿಮಗ ಹಮ್ಝಾ ಸತ್ತ. ಅವನೂ ಪತ್ರಕರ್ತ. ಅದಾದ ಮೇಲೆ ಚಿಕಿತ್ಸೆಗಾಗಿ ವಾಯಿಲ್ ಈಜಿಪ್ಟ್ ದಾಟಿ ದೋಹಾಕ್ಕೆ ಹೋದರು. ಛಾಯಾಗ್ರಾಹಕ ಮೊತಾಜ್ ಅಜೈಜಾ ಅದೇ ತಿಂಗಳು ಕತಾರಿಗೆ ಹೊರಟರು. ಪ್ಲೆಸ್ತಿಯಾ ಅಲಕ್ಕಾದ್ ಎಂಬ ಯುವತಿ ಅವರಿಗಿಂತ ಮೊದಲೇ ಆಸ್ಟ್ರೇಲಿಯಾ ಸೇರಿದ್ದರು. ಇವರು ಹೆಸರು ಮಾಡಿದವರು. ಹೆಸರಿಲ್ಲದೆ ಹೊರಬಂದವರ ಕಥೆ ಬೇರೆ. ಗಾಜಾ ಮತ್ತು ಈಜಿಪ್ಟ್ ನಡುವಿನ ರಫಾ ಗಡಿ ದಾಟಲು ದೊಡ್ಡವರಿಗೆ ತಲೆಗೆ 5,000 ಡಾಲರ್‌ವರೆಗೆ ಕಟ್ಟಬೇಕಿತ್ತು. ಮನೆ ಮಾರೋಣವೆಂದರೆ ಮನೆಯೇ ಉಳಿದಿಲ್ಲ. ಆನ್‌ಲೈನ್‌ನಲ್ಲಿ ಚಂದಾ ಎತ್ತಿ ದುಡ್ಡು ಹೊಂದಿಸಿದವರೆಷ್ಟೋ. 2024ರ ಮೇ 7ರಂದು ಇಸ್ರೇಲ್ ಸೇನೆ ರಫಾ ಗಡಿಯನ್ನು ವಶಕ್ಕೆ ತೆಗೆದುಕೊಂಡ ಮೇಲೆ ಆ ಬಾಗಿಲೂ ಮುಚ್ಚಿತು.

ಅಷ್ಟರೊಳಗೆ ಸುಮಾರು ಒಂದು ಲಕ್ಷ ಗಾಜಾ ಜನ ಈಜಿಪ್ಟ್ ಸೇರಿದ್ದರು. ಅಲ್ಲಿ ಜೀವಕ್ಕೆ ಅಪಾಯ ಇಲ್ಲ, ನಿಜ. ಆದರೆ ಹೆಚ್ಚಿನವರಿಗೆ ವಾಸದ ಪರವಾನಗಿ ಇಲ್ಲ. ಪರವಾನಗಿ ಇಲ್ಲದ ಮೇಲೆ ಕೆಲಸ ಕಷ್ಟ, ಬ್ಯಾಂಕ್ ಖಾತೆ ಕಷ್ಟ, ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವುದೂ ಕಷ್ಟ. ಪ್ಯಾಲೆಸ್ಟೀನಿ ನಿರಾಶ್ರಿತರನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಯುಎನ್‌ಆರ್‌ಡಬ್ಲ್ಯುಎಗೆ ಈಜಿಪ್ಟ್‌ನಲ್ಲಿ ಕೆಲಸ ಮಾಡುವ ಅಧಿಕಾರವೇ ಇಲ್ಲ. ಮುಂದೆ ಎಲ್ಲಿಗಾದರೂ ಹೋಗೋಣ ಅಂದರೆ ವೀಸಾ ಸಿಗುವುದಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಗಾಜಾದವರಿಗೆ ವಿಸಿಟರ್ ವೀಸಾ ಕೊಡುವುದನ್ನೇ ನಿಲ್ಲಿಸಿತು. ಇಂಥ ಸ್ಥಿತಿಯಲ್ಲೂ ಪತ್ರಕರ್ತರು ಫೋನ್ ಹಿಡಿದು ಕೂತಿದ್ದಾರೆ. ಗಾಜಾದ ಒಳಗೆ ನೆಟ್‌ವರ್ಕ್ ಹೋದಾಗ ಹೊರಗಿನವರು ಇ-ಸಿಮ್ ಕೊಂಡು ಅದರ ಕ್ಯೂಆರ್ ಕೋಡ್ ಕಳಿಸುತ್ತಿದ್ದರು. ಒಳಗಿದ್ದವರು ಸಿಗ್ನಲ್ ಹುಡುಕಿಕೊಂಡು ಎತ್ತರದ ಜಾಗ ಹತ್ತಿ, ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಊರು ಬಿಟ್ಟ ಪತ್ರಕರ್ತರಿಗೆ ಆ ದನಿ ಯಾವ ಬೀದಿಯದು, ಹಿಂದೆ ಕೇಳುವ ಸದ್ದು ಯಾವುದು, ಹೇಳುತ್ತಿರುವವರು ನಂಬಿಕಸ್ಥರಾ ಅನ್ನುವುದು ಗೊತ್ತಾಗುತ್ತದೆ. ದೆಹಲಿಯಲ್ಲೋ ಬೆಂಗಳೂರಿನಲ್ಲೋ ಕೂತು ವಿಡಿಯೊ ನೋಡುವ ನಮಗೆ ಅದು ಗೊತ್ತಾಗುವುದಿಲ್ಲ. ಸುಳ್ಳು ವಿಡಿಯೊಗಳು ನಮ್ಮ ಮೊಬೈಲ್‌ಗಳಲ್ಲಿ ಎಷ್ಟು ಓಡಾಡಿದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಒಬ್ಬರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

ಅಹ್ಮದ್ ಅಲ್ನಾವುಕ್ ಗಾಜಾದ ದೇರ್ ಅಲ್ ಬಲಾಹ್‌ನವರು. ಈಗ ಲಂಡನ್‌ನಲ್ಲಿದ್ದಾರೆ. 2014ರ ಯುದ್ಧದಲ್ಲಿ ಅಣ್ಣ ಸತ್ತ. ಆ ದುಃಖದಲ್ಲಿದ್ದ ಹುಡುಗನಿಗೆ ಅಮೆರಿಕದ ಪತ್ರಕರ್ತೆ ಪ್ಯಾಮ್ ಬೇಲಿ, ನಿನ್ನ ಅಣ್ಣನ ಬಗ್ಗೆ ಬರೆ ಎಂದರು. ಅವನು ಬರೆದ. ಆ ಬರಹದಿಂದಲೇ 'ವಿ ಆರ್ ನಾಟ್ ನಂಬರ್ಸ್' ಎಂಬ ಸಂಸ್ಥೆ ಹುಟ್ಟಿತು. ಗಾಜಾದ ಹುಡುಗ ಹುಡುಗಿಯರಿಗೆ ಬರೆಯುವುದನ್ನು ಕಲಿಸಿ, ಬೇರೆ ದೇಶಗಳ ಅನುಭವಿ ಲೇಖಕರನ್ನು ಒಬ್ಬೊಬ್ಬರಿಗೆ ಜೊತೆ ಮಾಡಿಕೊಟ್ಟು, ಅವರ ಕಥೆಗಳನ್ನು ಇಂಗ್ಲಿಷ್‌ನಲ್ಲಿ ಪ್ರಕಟಿಸುವ ಕೆಲಸ ಅದು. 2019ರಲ್ಲಿ ಅಹ್ಮದ್ ಓದಲು ಇಂಗ್ಲೆಂಡಿಗೆ ಹೋದರು. 2023ರ ಅಕ್ಟೋಬರ್ 22ರಂದು ದೇರ್ ಅಲ್ ಬಲಾಹ್‌ನ ಅವರ ಮನೆಯ ಮೇಲೆ ಬಾಂಬ್ ಬಿತ್ತು. ಅಪ್ಪ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಒಟ್ಟು 21 ಜನ ಸತ್ತರು.

ಇದಿಷ್ಟೇ ಆಗಿದ್ದರೆ ಇದು ಗಾಜಾದ ಸಾವಿರಾರು ಕಥೆಗಳಲ್ಲಿ ಒಂದು. ಆದರೆ ಯುದ್ಧಕ್ಕೂ ಮೊದಲು ಅಹ್ಮದ್ ಇನ್ನೊಂದು ಕೆಲಸ ಮಾಡಿದ್ದರು. ಯುವಾಲ್ ಅಬ್ರಹಾಂ ಎಂಬ ಯಹೂದಿ ಇಸ್ರೇಲಿ ಪತ್ರಕರ್ತನ ಜೊತೆ ಸೇರಿ, ಗಾಜಾದ ಯುವಕರ ಬರಹಗಳನ್ನು ಹೀಬ್ರೂಗೆ ಅನುವಾದ ಮಾಡಿಸಿ ಇಸ್ರೇಲಿನ ಓದುಗರಿಗೆ ತಲುಪಿಸುವ ಯೋಜನೆ ಶುರು ಮಾಡಿದ್ದರು. ಇಬ್ಬರ ನಡುವೆ ಬೇಲಿ ಇತ್ತು, ಸೇನೆ ಇತ್ತು. ಆದರೂ ಗಡಿಯಾಚೆಯವರು ನಮ್ಮನ್ನು ಓದಲಿ ಅಂತ ಗಾಜಾದ ಒಬ್ಬ ಹುಡುಗ ಬಯಸಿದ. ಅದಕ್ಕಾಗಿ ದುಡಿದ. ಅವನಿಗೆ ಜೊತೆಯಾದವನು ಯಹೂದಿ.

ಈ ಒಂದು ಸಂಗತಿ ನಮ್ಮ ಓದುಗರಿಗೆ ತಿಳಿದಿದ್ದರೆ, 'ಮುಸ್ಲಿಂ ವರ್ಸಸ್ ಯಹೂದಿ' ಎಂಬ ಗ್ರಾಫಿಕ್ ಹಾಕಿ ಸಂಜೆಯ ಚರ್ಚೆ ನಡೆಸುವುದು ಅಷ್ಟು ಸುಲಭ ಆಗುತ್ತಿರಲಿಲ್ಲ, ಅಲ್ವಾ?

ಅದೇ ಯುವಾಲ್ ಅಬ್ರಹಾಂ ಮತ್ತು ಇಸ್ರೇಲ್ ಸೇನೆಯ ಹಿಡಿತದಲ್ಲಿರುವ ಪ್ಯಾಲೆಸ್ಟೀನಿ ಪ್ರದೇಶ ವೆಸ್ಟ್ ಬ್ಯಾಂಕಿನ ಬಾಸೆಲ್ ಅದ್ರಾ ಇನ್ನಿಬ್ಬರ ಜೊತೆ ಸೇರಿ ಮಾಡಿದ ಸಾಕ್ಷ್ಯಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ವೇದಿಕೆಯ ಮೇಲೆ ಯುವಾಲ್ ಎರಡು ವಿಷಯ ಹೇಳಿದರು. ನಾನು ಸಿವಿಲ್ ಕಾನೂನಿನ ಕೆಳಗೆ ಸ್ವತಂತ್ರವಾಗಿದ್ದೇನೆ, ಬಾಸೆಲ್ ಸೇನಾ ಕಾನೂನಿನ ಕೆಳಗೆ ಬದುಕುತ್ತಿದ್ದಾನೆ ಎಂದರು. ಗಾಜಾದ ನಾಶ ನಿಲ್ಲಬೇಕು, ಅಕ್ಟೋಬರ್ 7ರಂದು ಕ್ರೂರವಾಗಿ ಹಿಡಿದೊಯ್ದ ಒತ್ತೆಯಾಳುಗಳನ್ನು ಬಿಡಬೇಕು ಎಂದೂ ಅದೇ ಉಸಿರಿನಲ್ಲಿ ಹೇಳಿದರು. ಎರಡನ್ನೂ ಒಟ್ಟಿಗೆ ಹೇಳುವುದು ಅವರಿಗೆ ಕಷ್ಟವಾಗಲಿಲ್ಲ. ನಮ್ಮ ಚಾನೆಲ್‌ಗಳಿಗೆ ಯಾಕೆ ಕಷ್ಟ ಆಗಬೇಕು?

ಅಕ್ಟೋಬರ್ 7ರ ಬಗ್ಗೆ ಮಾತಾಡದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಹಮಾಸ್ ಮತ್ತು ಅದರ ಜೊತೆಗಿದ್ದ ಗುಂಪುಗಳು ಅವತ್ತು ಸುಮಾರು 1,200 ಜನರನ್ನು ಕೊಂದವು. 251 ಜನರನ್ನು ಹಿಡಿದೊಯ್ದವು. ಸತ್ತವರಲ್ಲಿ ಇಸ್ರೇಲಿ ಪತ್ರಕರ್ತರೂ ಇದ್ದರು. ನೀರ್ ಓಜ್ ಎಂಬ ಕಿಬ್ಬುತ್ಸ್‌ನಿಂದ, ಅಂದರೆ ಸಾಮೂಹಿಕ ಕೃಷಿಯ ಹಳ್ಳಿಯಿಂದ, ಓಡೆಡ್ ಲಿಫ್‌ಶಿಟ್ಜ್ ಎಂಬ 83 ವರ್ಷದ ಮುದುಕರನ್ನು ಎತ್ತಿಕೊಂಡು ಹೋದರು. ಆತ ಯಾರು ಗೊತ್ತೇ? ನಮ್ಮ ಕಸುಬಿನವರೇ. ಅಲ್ ಹಮಿಷ್ಮಾರ್ ಎಂಬ ಎಡಪಂಥದ ಹೀಬ್ರೂ ಪತ್ರಿಕೆಗೆ ಬರೆದವರು. ಪ್ಯಾಲೆಸ್ಟೀನಿಯರ ಹಕ್ಕಿಗಾಗಿ ಹಲವು ದಶಕ ದನಿ ಎತ್ತಿದವರು. ವಯಸ್ಸಾದ ಮೇಲೆ ಗಾಜಾದ ರೋಗಿಗಳನ್ನು ಗಡಿಯಿಂದ ತಮ್ಮ ಕಾರಿನಲ್ಲಿ ಇಸ್ರೇಲಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. 2025ರ ಫೆಬ್ರುವರಿಯಲ್ಲಿ ಅವರ ಶವ ಮರಳಿ ಬಂತು. ಅವರ ಹೆಂಡತಿ ಯೊಖೆವೆಡ್ ಅವರನ್ನೂ ಒತ್ತೆ ಇಟ್ಟುಕೊಂಡಿದ್ದರು. ಬಿಡುಗಡೆಯ ಹೊತ್ತಿಗೆ ಆ ಅಜ್ಜಿ ತಿರುಗಿ ನಿಂತು, ಕಾವಲಿಗಿದ್ದವನ ಕೈ ಹಿಡಿದು ಶಾಲೋಮ್, ಅಂದರೆ ಶಾಂತಿ, ಎಂದರು.

ಅದೇ ಅಕ್ಟೋಬರ್ 7ರಂದು ಗಾಜಾ ಗಡಿಯ ಹತ್ತಿರದ ನೋವಾ ಸಂಗೀತ ಉತ್ಸವದಲ್ಲಿ ಗುಂಡಿನ ಮಳೆ ಸುರಿಯುತ್ತಿದ್ದಾಗ, ಇಸ್ರೇಲಿನದೇ ರಹತ್ ಊರಿನ ಯೂಸೆಫ್ ಅಲ್ ಝಿಯಾದ್ನೆ ಎಂಬ ಬೆದೂಯಿನ್ ಮುಸ್ಲಿಂ ಚಾಲಕ ತನ್ನ ಮಿನಿಬಸ್ ನುಗ್ಗಿಸಿ ಸುಮಾರು 30 ಯಹೂದಿ ಯುವಕ ಯುವತಿಯರನ್ನು ಹೊರಗೆ ತಂದ. ಅವನ ಬಂಧುಗಳಲ್ಲೇ ನಾಲ್ವರನ್ನು ಹಮಾಸ್ ಅವತ್ತು ಹಿಡಿದೊಯ್ದಿತ್ತು. ಅದೇ ಉತ್ಸವದಲ್ಲಿ ಪ್ರಥಮ ಚಿಕಿತ್ಸೆಯ ಡ್ಯೂಟಿಯಲ್ಲಿದ್ದ ಅವಾದ್ ದರಾವ್ಷೆಗೆ 23 ವರ್ಷ. ಅರಬ್ ಹುಡುಗ. ಜೊತೆಯವರು ಹೊರಟರೂ ಅವನು ಗಾಯಾಳುಗಳನ್ನು ಬಿಟ್ಟು ಹೋಗಲಿಲ್ಲ. ಅಲ್ಲೇ ಸತ್ತ.

ಇವು ಎಲ್ಲೋ ಅಡಗಿದ್ದ ಸುದ್ದಿಗಳಲ್ಲ. ಆಗಲೇ ಪ್ರಕಟವಾಗಿದ್ದವು. ನಮ್ಮ ಕಡೆ ಇವಕ್ಕೆ ಜಾಗ ಸಿಕ್ಕಿದ್ದು ಕಡಿಮೆ, ಯಾಕೆಂದರೆ ನಮ್ಮಲ್ಲಿ ಮೊದಲೇ ಸಿದ್ಧವಾಗಿದ್ದ ಕಥೆಗೆ ಇವು ಹೊಂದುತ್ತಿರಲಿಲ್ಲ. ಆ ಕಥೆಯಲ್ಲಿ ಎರಡು ಧರ್ಮಗಳು ಸಾವಿರಾರು ವರ್ಷದಿಂದ ಹೊಡೆದಾಡುತ್ತಿವೆ. ಹಾಗಿದ್ದರೆ ಶಿರೀನ್ ಅಬು ಅಕ್ಲೆಯನ್ನು ಎಲ್ಲಿ ಇಡುತ್ತೀರಿ? 2022ರ ಮೇ 11ರಂದು ವೆಸ್ಟ್ ಬ್ಯಾಂಕಿನ ಜೆನಿನ್‌ನಲ್ಲಿ ಇಸ್ರೇಲಿ ಸೈನಿಕನ ಗುಂಡಿಗೆ ಸತ್ತ ಆ ಪ್ಯಾಲೆಸ್ಟೀನಿ ಪತ್ರಕರ್ತೆ ಕ್ರೈಸ್ತರು. ಪ್ಯಾಲೆಸ್ಟೀನಿಯರಲ್ಲಿ ಕ್ರೈಸ್ತರಿದ್ದಾರೆ. ಇಸ್ರೇಲಿ ಪ್ರಜೆಗಳಲ್ಲಿ ಐದರಲ್ಲೊಬ್ಬರು ಅರಬರು. ಜಗಳ ಇರುವುದು ನೆಲದ ಬಗ್ಗೆ, ಆಕ್ರಮಣದ ಬಗ್ಗೆ, ಯಾರಿಗೆ ದೇಶ, ಯಾರಿಗೆ ಹಕ್ಕು ಅನ್ನುವುದರ ಬಗ್ಗೆ. ಅದಕ್ಕೆ ಧರ್ಮದ ಬಣ್ಣ ಬಳಿಯುವವರು ಎರಡೂ ಕಡೆ ಇದ್ದಾರೆ. ಮೂರನೆಯವರಾಗಿ ನಾವೂ ಬ್ರಷ್ ಹಿಡಿಯಬೇಕಾ?

ಇದರ ಅರ್ಥ ಮುಸ್ಲಿಮರೂ ಯಹೂದಿಗಳೂ ಯಾವಾಗಲೂ ಅಣ್ಣತಮ್ಮಂದಿರಂತೆ ಇದ್ದರು ಎಂದಲ್ಲ. ಆ ಸಿಹಿ ಕಥೆಯೂ ಅಷ್ಟೇ ಸುಳ್ಳು. 1941ರ ಜೂನ್‌ನಲ್ಲಿ ಬಾಗ್ದಾದ್‌ನಲ್ಲಿ ಯಹೂದಿಗಳ ಮೇಲೆ ದಾಳಿ ನಡೆದು ಸುಮಾರು 180 ಜನ ಸತ್ತರು. ಅಲ್ಲಿಯವರು ಅದನ್ನು ಫರ್ಹೂದ್ ಎಂದು ನೆನೆಯುತ್ತಾರೆ. ಅದೇ ಎರಡು ದಿನ ಎಷ್ಟೋ ಮುಸ್ಲಿಂ ಮನೆಗಳು ನೆರೆಯ ಯಹೂದಿಗಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡವು. ಏಳು ವರ್ಷದ ನಂತರ ಇಸ್ರೇಲ್ ಹುಟ್ಟಿತು. ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. 1950ರಿಂದ 52ರೊಳಗೆ ಇರಾಕಿನ ಸುಮಾರು 1,20,000 ಯಹೂದಿಗಳು ತಲೆತಲಾಂತರದ ಊರು ಬಿಟ್ಟು ಇಸ್ರೇಲಿಗೆ ಹಾರಿದರು. ಅವರ ಮಾತೃಭಾಷೆ ಅರಬಿ. ಒಂದು ಜನರ ನೋವು ಹೇಳಿದರೆ ಇನ್ನೊಂದು ಜನರ ನೋವು ಚಿಕ್ಕದಾಗುತ್ತದೆ ಎಂಬ ಭಯ ಯಾಕೋ ಗೊತ್ತಿಲ್ಲ. ಎರಡೂ ಒಂದೇ ಪುಟದಲ್ಲಿ ಹಿಡಿಸುತ್ತವೆ.

ನಮ್ಮ ಮಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟುನೀಶಿಯಾದ ಮಹ್ದಿಯಾದಿಂದ ಏಡನ್ ದಾರಿಯಲ್ಲಿ ಮಂಗಳೂರಿಗೆ ಬಂದ. ಸುಮಾರು 17 ವರ್ಷ ಈ ಕರಾವಳಿಯಲ್ಲಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಆಶು ಎಂಬ ಇಲ್ಲಿನ ಹೆಣ್ಣಿನೊಂದಿಗೆ ಸಂಸಾರ ಮಾಡಿದ. ಅವನ ವ್ಯಾಪಾರದ ಆಳು ಬೊಮ್ಮ, ನಮ್ಮ ಕಡೆಯವನೇ. ಬೆನ್ ಯಿಜು ಮತ್ತು ಅವನ ಗೆಳೆಯರು ಬರೆದದ್ದು ಅರಬಿಯಲ್ಲಿ, ಲಿಪಿ ಮಾತ್ರ ಹೀಬ್ರೂ. ಆ ಕಾಲದ ಯಹೂದಿ ವ್ಯಾಪಾರಿಗಳ ಸರಕು ಸಾಗುತ್ತಿದ್ದ ಹಡಗುಗಳಲ್ಲಿ ರಾಮಿಷ್ತ್ ಎಂಬ ದೊಡ್ಡ ಮುಸ್ಲಿಂ ವರ್ತಕನ ಹಡಗುಗಳೂ ಇದ್ದವು. ಮೆಕ್ಕಾದ ಕಾಬಾಕ್ಕೆ ಹೊದಿಕೆ ಕೊಟ್ಟ ರಾಮಿಷ್ತ್ ಅವನೇ. ಈ ಪತ್ರಗಳು ಉಳಿದದ್ದು ಕೈರೋದ ಬೆನ್ ಎಜ್ರಾ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಕಾಗದದ ಕೋಣೆಯಲ್ಲಿ. ಅದೇ ಶತಮಾನದಲ್ಲಿ ಉತ್ತರ ಆಫ್ರಿಕಾ ಮತ್ತು ಸ್ಪೇನ್‌ನಲ್ಲಿ ಅಲ್ಮೊಹದ್ ದೊರೆಗಳು ಯಹೂದಿಗಳನ್ನು ಬಲವಂತದಿಂದ ಮತಾಂತರ ಮಾಡುತ್ತಿದ್ದರು. ಅವರ ಕಾಟ ತಾಳದೆ ಓಡಿಬಂದ ಮೈಮೊನಿಡಿಸ್ ಎಂಬ ಯಹೂದಿ ವಿದ್ವಾಂಸ ಕೈರೋದಲ್ಲಿ ಈಜಿಪ್ಟಿನ ದೊರೆ ಸಲಾದಿನ್‌ನ ಆಸ್ಥಾನದ ವೈದ್ಯನಾದ. ಒಬ್ಬ ಮುಸ್ಲಿಂ ದೊರೆ ಓಡಿಸಿದ, ಇನ್ನೊಬ್ಬ ಇಟ್ಟುಕೊಂಡ. ಚರಿತ್ರೆ ಇರುವುದೇ ಹೀಗೆ, ಗಂಟುಗಂಟಾಗಿ.

ಈ ಕಾಲದ ಉದಾಹರಣೆ ಬೇಕಾದರೆ ಸಿಡ್ನಿಯ ಬಾಂಡೈ ಬೀಚ್ ನೋಡಿ. 2025ರ ಡಿಸೆಂಬರ್ 14ರಂದು ಹನುಕ್ಕಾ ಹಬ್ಬ ಮಾಡುತ್ತಿದ್ದ ಯಹೂದಿಗಳ ಮೇಲೆ ತಂದೆ ಮಗ ಇಬ್ಬರು ಗುಂಡು ಹಾರಿಸಿದರು. 15 ಜನ ಸತ್ತರು. ಕೊಂದವರು ಮುಸ್ಲಿಮರು. ಬರಿಗೈಯಲ್ಲಿ ನುಗ್ಗಿ ಒಬ್ಬನ ಬಂದೂಕು ಕಿತ್ತುಕೊಂಡು, ತಾನೂ ಗುಂಡೇಟು ತಿಂದ ಅಹ್ಮದ್ ಅಲ್ ಅಹ್ಮದ್ ಕೂಡ ಮುಸ್ಲಿಂ. ಸಿರಿಯಾ ಮೂಲದ ಹಣ್ಣಿನ ವ್ಯಾಪಾರಿ. ಇವೆರಡರಲ್ಲಿ ಒಂದನ್ನು ಮಾತ್ರ ಹೇಳಿದರೆ ಅದು ವರದಿ ಆಗುವುದಿಲ್ಲ.

ನಮಗೆ ಇದೆಲ್ಲ ದೂರದ ವಿಷಯ ಅಂತ ಯಾರೂ ಹೇಳಬೇಡಿ. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಸ್ರೇಲ್‌ನಲ್ಲಿ ವೃದ್ಧರ ಆರೈಕೆ ಮಾಡುತ್ತಿದ್ದಾರೆ. ಸೈರನ್ ಕೂಗಿದಾಗ ಅವರೂ ಬಂಕರ್‌ಗೆ ಓಡಿದ್ದಾರೆ. ಭಟ್ಕಳ, ಉಳ್ಳಾಲ, ಬಂಟ್ವಾಳದ ಎಷ್ಟೋ ಜನ ಕೊಲ್ಲಿ ದೇಶಗಳಲ್ಲಿ ಪ್ಯಾಲೆಸ್ಟೀನಿಯರ ಜೊತೆ ಕೆಲಸ ಮಾಡಿದ್ದಾರೆ. ಗೋಕರ್ಣ, ಹಂಪಿಯಲ್ಲಿ ಇಸ್ರೇಲಿ ಹುಡುಗ ಹುಡುಗಿಯರನ್ನು ನಾವು ಎಷ್ಟೋ ವರ್ಷದಿಂದ ನೋಡುತ್ತಿದ್ದೇವೆ. 2023ರ ಅಕ್ಟೋಬರ್‌ನಲ್ಲಿ ಹೊಸಪೇಟೆಯ ಯುವಕನೊಬ್ಬನನ್ನು ಪ್ಯಾಲೆಸ್ಟೀನ್ ಪರ ವಾಟ್ಸ್‌ಆ್ಯಪ್ ಸ್ಟೇಟಸ್‌ಗಾಗಿ ಪೊಲೀಸರು ವಶಕ್ಕೆ ಪಡೆದರು. ಗಾಜಾದ ಸುದ್ದಿಯನ್ನು ನಾವು ಧರ್ಮಯುದ್ಧ ಮಾಡಿ ಬಡಿಸಿದಾಗ ಅದರ ಬಿಸಿ ತಟ್ಟುವುದು ನಮ್ಮ ಪಕ್ಕದ ಮನೆಯವರಿಗೆ. ಗಾಜಾದ ಸಾವಿನ ಸುದ್ದಿ ಕೆಳಗೆ ನಗುವ ಇಮೋಜಿ ಹಾಕುವವರನ್ನೂ, ಅಕ್ಟೋಬರ್ 7ರಂದು ಸತ್ತ ಮಕ್ಕಳ ಸುದ್ದಿಯನ್ನು ಸುಳ್ಳು ಎನ್ನುವವರನ್ನೂ ನಾನು ಕನ್ನಡದಲ್ಲೇ ನೋಡಿದ್ದೇನೆ. ಅವರನ್ನು ತಯಾರು ಮಾಡುವುದರಲ್ಲಿ ಸುದ್ದಿಮನೆಗಳ ಪಾಲು ಇಲ್ಲ ಅನ್ನಲಾಗದು.

ನಿಮ್ಮಲ್ಲಿ ಕೆಲವರು ಕೇಳುತ್ತೀರಿ, ಗೊತ್ತು. ಆ ಪತ್ರಕರ್ತರೆಲ್ಲ ಹಮಾಸ್‌ನವರಲ್ಲವೇ? ಇಸ್ರೇಲ್ ಸೇನೆ ಹಲವರ ಮೇಲೆ ಈ ಆರೋಪ ಹೊರಿಸಿದೆ. 2025ರ ಆಗಸ್ಟ್ 10ರಂದು ಅಲ್ ಶಿಫಾ ಆಸ್ಪತ್ರೆಯ ಪಕ್ಕದ ಟೆಂಟಿನಲ್ಲಿ ಕೊಂದ ಅಲ್ ಜಝೀರಾ ವರದಿಗಾರ ಅನಸ್ ಅಲ್ ಶರೀಫ್ ಮೇಲೂ ಹೊರಿಸಿತ್ತು. ಅವರ ಜೀವಕ್ಕೆ ಅಪಾಯ ಇದೆ ಎಂದು ಸಿಪಿಜೆ ಜುಲೈನಲ್ಲೇ ಎಚ್ಚರಿಸಿತ್ತು. ಸೇನೆ ಕೊಟ್ಟ ದಾಖಲೆ ನಂಬುವಂತಿಲ್ಲ ಎಂದು ಅಲ್ ಜಝೀರಾವೂ ಪತ್ರಕರ್ತರ ಸಂಘಟನೆಗಳೂ ಹೇಳಿವೆ. ಅವರ ಜೊತೆ ಅದೇ ದಾಳಿಯಲ್ಲಿ ಸತ್ತ ಉಳಿದ ಪತ್ರಕರ್ತರ ವಿಷಯಕ್ಕೆ ಬಂದರೆ ಅಂಥ ಆರೋಪವನ್ನು ವಿವರಿಸುವ ತಾಪತ್ರಯವನ್ನೂ ಸೇನೆ ಆಗ ತೆಗೆದುಕೊಳ್ಳಲಿಲ್ಲ. ಯುದ್ಧದ ನಿಯಮ ಸ್ಪಷ್ಟವಾಗಿದೆ. ಜಿನೀವಾ ಒಪ್ಪಂದಗಳ ಮೊದಲ ಹೆಚ್ಚುವರಿ ಪ್ರೊಟೊಕಾಲ್‌ನ 79ನೇ ವಿಧಿ ಪ್ರಕಾರ ಪತ್ರಕರ್ತರು ನಾಗರಿಕರು. ನೇರವಾಗಿ ಕಾದಾಟಕ್ಕೆ ಇಳಿಯದ ತನಕ ಅವರನ್ನು ಗುರಿ ಮಾಡುವಂತಿಲ್ಲ.

ಇನ್ನೂ ಒಂದು ಮಾತಿದೆ. ಪ್ಯಾಲೆಸ್ಟೀನಿ ಪತ್ರಕರ್ತರಿಗೆ ಕಾಟ ಕೊಟ್ಟಿರುವುದು ಇಸ್ರೇಲ್ ಮಾತ್ರ ಅಲ್ಲ. 2019ರಲ್ಲಿ ಬೆಲೆ ಏರಿಕೆ, ತೆರಿಗೆ ವಿರುದ್ಧ ಗಾಜಾದ ಜನ ಬೀದಿಗಿಳಿದಾಗ ಹಮಾಸ್ ಪೊಲೀಸರು ಪತ್ರಕರ್ತರನ್ನೂ ಹೊಡೆದರು, ಒಳಗೆ ಹಾಕಿದರು. 2025ರ ಜನವರಿಯಲ್ಲಿ ವೆಸ್ಟ್ ಬ್ಯಾಂಕಿನಲ್ಲಿ ಆಡಳಿತ ನಡೆಸುವ ಪ್ಯಾಲೆಸ್ಟೀನಿ ಪ್ರಾಧಿಕಾರವೇ ಅಲ್ ಜಝೀರಾವನ್ನು ಕೆಲವು ತಿಂಗಳು ನಿಲ್ಲಿಸಿತು. ಊರು ಬಿಟ್ಟವರು ಈ ಎಲ್ಲದರ ಬಗ್ಗೆ ಸ್ವಲ್ಪ ಬಿಚ್ಚುಮಾತಿನಲ್ಲಿ ಬರೆಯಬಲ್ಲರು. ಗಾಜಾದ ಮುಹಮ್ಮದ್ ಶೆಹಾದಾ ಯುರೋಪಿನಲ್ಲಿದ್ದುಕೊಂಡು ಹಮಾಸ್ ಆಡಳಿತವನ್ನೂ ಇಸ್ರೇಲಿನ ದಿಗ್ಬಂಧನವನ್ನೂ ನೇರವಾಗಿ ಟೀಕಿಸುತ್ತ ಬಂದಿದ್ದಾರೆ. ಅವರ ಅಂಕಣ ಬಂದದ್ದು ಅಮೆರಿಕದ ಹಳೆಯ ಯಹೂದಿ ಪತ್ರಿಕೆ ಫಾರ್ವರ್ಡ್‌ನಲ್ಲಿ. ಗಾಜಾದ ಮುಸ್ಲಿಂ ಬರಹಗಾರನಿಗೆ ಯಹೂದಿ ಪತ್ರಿಕೆ ಜಾಗ ಕೊಟ್ಟಿತು. ನಾವು ಕೊಡಬಾರದೇ?

ಕೆಲಸ ಹೇಗೆ ಶುರು ಮಾಡಬಹುದು ಅನ್ನುವುದಕ್ಕೆ ನನ್ನ ಸಲಹೆ ಇದೆ. ವಾರಕ್ಕೊಂದು ಬೇಡ. ತಿಂಗಳಿಗೆ ಒಂದು ಲೇಖನ ಸಾಕು. ಒಂದು ಪತ್ರಿಕೆಗೆ ಭಾರ ಆಗುವುದಾದರೆ ನಾಲ್ಕು ಪತ್ರಿಕೆ, ಜಾಲತಾಣಗಳು ಸೇರಿ ಸಂಭಾವನೆ ಹಂಚಿಕೊಳ್ಳಿ. ವಿ ಆರ್ ನಾಟ್ ನಂಬರ್ಸ್, ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಪತ್ರಕರ್ತರು ಸೇರಿ ನಡೆಸುವ +972 ಮ್ಯಾಗಜಿನ್, ಅಮ್ಮಾನ್‌ನಲ್ಲಿರುವ ಅರಬ್ ತನಿಖಾ ಪತ್ರಕರ್ತರ ಸಂಸ್ಥೆ ಅರಿಜ್, ಇಂಥವರನ್ನು ಕೇಳಿದರೆ ಬರೆಯುವವರು ಸಿಗುತ್ತಾರೆ. ದುಡ್ಡನ್ನು ಮುಂಗಡ ಕೊಡಿ. ಕೈರೋದಲ್ಲಿ ಬಾಡಿಗೆ ಕಟ್ಟಬೇಕಾದವರಿಗೆ ಪ್ರಕಟವಾಗಿ ಮೂರು ತಿಂಗಳ ಮೇಲೆ ಚೆಕ್ ಅಂದರೆ ಆಗದು. ಹೆಸರು ಹಾಕುವ ಮೊದಲು ಅವರನ್ನು ಕೇಳಿ. ಅಪ್ಪ ಅಮ್ಮ ಇನ್ನೂ ಗಾಜಾದಲ್ಲಿದ್ದರೆ ಕೆಲವರಿಗೆ ಹೆಸರು ಬೇಡವಾಗಬಹುದು. ಬರೆಯುವ ಮೊದಲು ಹಮಾಸ್ ಅನ್ನು ಖಂಡಿಸು ಎಂದೋ, ಇಸ್ರೇಲನ್ನು ಇನ್ನೂ ಜೋರಾಗಿ ಬೈ ಎಂದೋ ಷರತ್ತು ಹಾಕಬೇಡಿ. ನಮ್ಮೂರಿನ ವರದಿಗಾರರಿಗೆ ಕೇಳುವಂತೆಯೇ ಅವರಿಗೂ ಕೇಳಿ: ಏನು ಕಂಡಿರಿ, ಯಾರು ಹೇಳಿದರು, ಹೇಗೆ ಖಾತ್ರಿ ಮಾಡಿಕೊಂಡಿರಿ? ಬರೀ ಸಾವಿನ ವರದಿಯನ್ನೇ ಬೇಡಬೇಡಿ. ಗಾಜಾದ ಅಡುಗೆ, ಫುಟ್‌ಬಾಲ್, ಮೀನುಗಾರರು, ಇಸ್ರೇಲಿನಲ್ಲಿ ಕೂಲಿಗೆ ಹೋಗಿ ಹೀಬ್ರೂ ಕಲಿತ ಹಿರಿಯರು, ಇವುಗಳ ಬಗ್ಗೆಯೂ ಬರೆಸಿ.

ಮಾಧ್ಯಮ ಅಕಾಡೆಮಿಗೆ ಪ್ರತ್ಯೇಕ ಕೋರಿಕೆ. ಯುನೆಸ್ಕೊ 2024ರ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿಯನ್ನು ಗಾಜಾದ ಪ್ಯಾಲೆಸ್ಟೀನಿ ಪತ್ರಕರ್ತರೆಲ್ಲರಿಗೆ ಒಟ್ಟಿಗೆ ಕೊಟ್ಟಿತು. ನೀವು ಪ್ರಶಸ್ತಿ ಕೊಡುವುದು ಬೇಡ. ಪತ್ರಿಕೋದ್ಯಮ ಓದುವ ಕನ್ನಡದ ವಿದ್ಯಾರ್ಥಿಗಳಿಗೆ ಇವರಿಂದ ಆನ್‌ಲೈನ್ ಪಾಠ ಮಾಡಿಸಿ, ಗೌರವಧನ ಕೊಡಿ. ಬಾಂಬ್ ಬಿದ್ದ ಜಾಗದ ವಿಡಿಯೊವನ್ನು ಹೇಗೆ ಪರಿಶೀಲಿಸುವುದು, ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಮೈಕ್ ಹಿಡಿಯಬೇಕೋ ಬೇಡವೋ ಅನ್ನುವುದನ್ನು ಅವರಿಗಿಂತ ಚೆನ್ನಾಗಿ ಯಾರು ಕಲಿಸಬಲ್ಲರು? ಅದೇ ಕ್ಲಾಸಿಗೆ ಒಬ್ಬ ಇಸ್ರೇಲಿ ಪತ್ರಕರ್ತರನ್ನೂ ಕರೆಯಿರಿ. ಒತ್ತೆಯಾಳುಗಳ ಕುಟುಂಬಗಳನ್ನು ವರದಿ ಮಾಡಿದವರೂ ಇರಲಿ. ವಿದ್ಯಾರ್ಥಿಗಳು ಇಬ್ಬರನ್ನೂ ಪ್ರಶ್ನೆ ಕೇಳಲಿ.

ಪತ್ರಕರ್ತರ ಸಂಘಗಳು ಅಂತರರಾಷ್ಟ್ರೀಯ ಪತ್ರಕರ್ತರ ಒಕ್ಕೂಟ ಐಎಫ್‌ಜೆಯ ಸುರಕ್ಷಾ ನಿಧಿಗೆ ದೇಣಿಗೆ ಸಂಗ್ರಹಿಸಬಹುದು. ಗಾಜಾಕ್ಕೆ ವಿದೇಶಿ ಪತ್ರಕರ್ತರನ್ನು ಬಿಡಿ ಎಂದು ಕೇಳುವ ಪತ್ರವನ್ನು ದೆಹಲಿಯ ಇಸ್ರೇಲ್ ರಾಯಭಾರ ಕಚೇರಿಗೂ ನಮ್ಮ ವಿದೇಶಾಂಗ ಸಚಿವಾಲಯಕ್ಕೂ ಬರೆಯಬಹುದು. ದೋಹಾ, ದುಬೈಗಳ ಕನ್ನಡ ಸಂಘಗಳು ಅಲ್ಲಿರುವ ಗಾಜಾದ ಪತ್ರಕರ್ತರನ್ನು ಒಂದು ಸಂಜೆ ಮನೆಗೆ ಕರೆದು ಮಾತಾಡಿಸಬಹುದು.

ಅನುವಾದ ಮಾಡುವವರು ಎಲ್ಲಿದ್ದಾರೆ ಅಂತ ಕೇಳಬೇಡಿ. ಅರಬಿ ಓದಿದ ಕನ್ನಡಿಗರು ಕರಾವಳಿಯಲ್ಲಿ, ಕಲಬುರಗಿಯಲ್ಲಿ, ಬೀದರ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಂಗ್ಲಿಷ್‌ನಲ್ಲಿ ಬಂದ ಲೇಖನಗಳನ್ನು ನಾನು ಅನುವಾದ ಮಾಡಿಕೊಡುತ್ತೇನೆ. ನನಗೆ ಕೊಡಬೇಕಾದ ಸಂಭಾವನೆಯನ್ನೂ ಬರೆದವರಿಗೇ ಕಳಿಸಿ. ಮೊದಲ ಲೇಖನ ಯಾರದು, ಯಾವ ವಾರ ಅಂತ ತಿಳಿಸಿದರೆ ಆ ವಾರ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.

ವಿಶ್ವಾಸದಿಂದ,
ವಿದೇಶ ಪುಟದ ಮಾಜಿ ಉಪಸಂಪಾದಕಿ,
ಮಂಗಳೂರು